ಬನದಲ್ಲಿ ಹೆಕ್ಕಿದ ಹೂವು

ಗಿಡ ಸಂಗ್ರಹಿಸುವ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಮೊದಲು ಕೇಳುವುದು, ಕಾಡಿನಲ್ಲಿ ಹಾವು ಉಂಟಾ ಎಂದು. ಉಂಟು. ಆದರೆ ಇಷ್ಟು ವರ್ಷಗಳಲ್ಲಿ ಹಾವಿನಿಂದ ಆಗದ ತೊಂದರೆ ನನಗೆ ಒದ್ದೆ ಕಾಗದದಿಂದ ಆಗಿದೆ. ಹಾವು ತನ್ನ ದಾರಿ ಹಿಡಿದು ಹೋಗುತ್ತದೆ. ಒದ್ದೆ ಕಾಗದದ ನಡುವೆ ಒಣಗಲು ಇಟ್ಟ ಎಲೆ ಮಾತ್ರ ಮೂರೇ ದಿನಕ್ಕೆ ಕಪ್ಪಾಗಿ, ಬೂಷ್ಟು ಹಿಡಿದು, ಒಂದು ವಾರದ ನಡಿಗೆಯನ್ನು ನೀರಿಗೆ ಹಾಕುತ್ತದೆ. ಕಾಗದ ದಿನಕ್ಕೊಮ್ಮೆ ಬದಲಿಸಬೇಕು, ಮಳೆಗಾಲದಲ್ಲಿ ಎರಡು ಸಲ. ಈ ಕೆಲಸದಲ್ಲಿ ನಾನು ಕಲಿಸಬಹುದಾದದ್ದರಲ್ಲಿ ಅರ್ಧ ಇಷ್ಟೇ. ಉಳಿದ ಅರ್ಧವನ್ನು ನಾನು ತಪ್ಪು ಮಾಡಿ ಕಲಿತೆ. ಅದನ್ನೇ ಬರೆಯುತ್ತೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದೆಸಿದರು ಎಂಬುದರಿಂದ ನಿಮಗೆ ಉಪಯೋಗವಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಐದನೆಯದಕ್ಕೆ ಹನ್ನೊಂದು ದಿನ ಹೋಗಿದ್ದೆ. ಅಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡದ್ದರಿಂದ ಹನ್ನೆರಡನೆಯ ದಿನ ಹೋಗಲಿಲ್ಲ. ಆಮೇಲೆ ಮರದ ಕಂಟ್ರಾಕ್ಟರರೊಬ್ಬರ ಹತ್ತಿರ ಸೇರಿದೆ. ಕಡಿಯುವವರು ಬರುವ ಮೊದಲು ಕಾಡಿಗೆ ಹೋಗಿ ಬೇಕಾದ ಮರಗಳಿಗೆ ಗುರುತು ಹಾಕುವುದು ನನ್ನ ಕೆಲಸ. ಮರದ ಎಲೆ ಎಪ್ಪತ್ತು ಎಂಬತ್ತು ಅಡಿ ಮೇಲಿರುತ್ತದೆ, ಕತ್ತು ನೋಯುವವರೆಗೆ ನೋಡಿದರೂ ಕಾಣುವುದಿಲ್ಲ. ಹಾಗಾಗಿ ಕತ್ತಿಯಿಂದ ತೊಗಟೆಗೆ ಒಂದು ಸಣ್ಣ ಕಚ್ಚು ಹಾಕುವುದು. ಒಳಗಿನ ಬಣ್ಣ, ಒಸರುವ ಅಂಟು, ವಾಸನೆ, ಇಷ್ಟರಲ್ಲಿ ಮರದ ಹೆಸರು ಹೇಳಬೇಕು. ಇಪ್ಪತ್ತು ವರ್ಷದವನಾಗುವಾಗ ನಾನು ಹೇಳಿದ ಹೆಸರನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅದರ ಹೆಮ್ಮೆ ನನಗಿತ್ತು. ಇರಬಾರದು ಎಂದು ಈಗಲೂ ನನಗೆ ಅನಿಸುವುದಿಲ್ಲ.

ಪ್ರೊಫೆಸರ್ ಮಿನೇಜಸ್ ನನಗೆ ಸಿಕ್ಕಿದ್ದು ದೇಲಂಪಾಡಿಯ ಆಚೆ ಕಾಡಿನ ಅಂಚಿನಲ್ಲಿ, ಎರಡನೇ ದೊಡ್ಡ ಯುದ್ಧ ಸುರುವಾಗುವುದಕ್ಕೆ ಸ್ವಲ್ಪ ಮೊದಲು. ಅವರು ಮಂಗಳೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ತಲೆಗೆ ಟೊಪ್ಪಿ, ಕೈಯಲ್ಲಿ ದಪ್ಪ ಪುಸ್ತಕ. ಒಂದು ಮರದ ಬುಡದಲ್ಲಿ ನಿಂತು ಮೇಲೆ ನೋಡುವುದು, ಪುಸ್ತಕ ನೋಡುವುದು, ಮತ್ತೆ ಮೇಲೆ ನೋಡುವುದು. ನಾನು ಹೋಗಿ ಒಂದು ಕಚ್ಚು ಹಾಕಿ, ಮೂಸಿ, ಹೆಸರು ಹೇಳಿದೆ.

"ಪುಸ್ತಕದ ಪ್ರಕಾರ ಹೂವು ನೋಡದೆ ಹೇಳ್ಲಿಕ್ಕೆ ಆಗೂದಿಲ್ಲ," ಎಂದರು.

"ಹೂವು ಬರುವವರೆಗೆ ಮರ ಹೆಸರಿಲ್ಲದೆ ನಿಲ್ಲಬೇಕಾ ಸರ್?"

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ನೀವು ನನ್ನೊಟ್ಟಿಗೆ ಬರ್ತೀರಾ?" ಎಂದು ಕೇಳಿದರು. ಪ್ಯಾಂಟು ಹಾಕಿದವರು ಯಾರೂ ಅದುವರೆಗೆ ನನಗೆ "ನೀವು" ಎಂದಿರಲಿಲ್ಲ. ನಾನು ಹೋದದ್ದು ಆ ಒಂದು ಮಾತಿಗೆ ಎಂದರೂ ಸುಳ್ಳಲ್ಲ.

ಮೊದಲ ತಿಂಗಳಲ್ಲಿ ಮಾಡಿದ ಎಡವಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ, ಹೊಸಬರೆಲ್ಲ ಇದನ್ನು ಮಾಡುತ್ತಾರೆ. ನಾನು ತಂದ ಗೆಲ್ಲುಗಳಲ್ಲಿ, ಎಂದರೆ ಸಣ್ಣ ಕೊಂಬೆಗಳಲ್ಲಿ, ಹುಳ ತಿಂದ ಎಲೆಗಳನ್ನೆಲ್ಲ ಕಿತ್ತು, ಸೊಟ್ಟಗಿದ್ದದ್ದನ್ನು ಕತ್ತರಿಸಿ, ಎರಡೂ ಬದಿಗೆ ಸಮ ಬರುವ ಹಾಗೆ ಕಾಗದದ ಮೇಲೆ ಹರಡಿದ್ದೆ. ಪ್ರೊಫೆಸರರು ಹಾಳೆ ಎತ್ತಿ ನೋಡಿದರು.

"ಇದೆಂತ ಐತಪ್ಪ, ಮದುಮಗಳಿಗೆ ಮಾಡಿದ ಹಾಗೆ ಸಿಂಗಾರ ಮಾಡಿದ್ದೀರಿ?"

"ಚಂದ ಕಾಣ್ಲಿ ಅಂತ ಸರ್."

"ಇದಕ್ಕೆ ಹೆಣ್ಣು ನೋಡ್ಲಿಕ್ಕೆ ಯಾರೂ ಬರೂದಿಲ್ಲ ಮಾರಾಯ್ರೆ. ಎಲೆ ಎದುರುಬದುರು ಇತ್ತಾ, ಒಂದು ಬಿಟ್ಟು ಒಂದು ಇತ್ತಾ? ನೀವು ಕಿತ್ತ ಮೇಲೆ ಅದನ್ನು ನಾನು ಯಾರ ಹತ್ತಿರ ಕೇಳೂದು?"

ಗಿಡದ ಜಾತಿ ನಿರ್ಣಯವಾಗುವುದು ಇಂಥ ಸಣ್ಣ ವಿಷಯಗಳ ಮೇಲೆ. ಕೊಂಬೆ ಹೇಗಿತ್ತೋ ಹಾಗೆಯೇ ಹಾಳೆಗೆ ಬರಬೇಕು, ಹುಳ ತಿಂದ ಎಲೆಯ ಸಮೇತ. ಕೈ ಆಡಿಸಿದ ಹಾಳೆ ಸುಳ್ಳು ಹೇಳುತ್ತದೆ, ಆ ಸುಳ್ಳು ನೂರು ವರ್ಷ ಬಾಳುತ್ತದೆ.

ಯುದ್ಧದ ಕಾಲದಲ್ಲಿ ನಮಗೆ ದೊಡ್ಡ ಬರ ಬಂದದ್ದು ಕಾಗದಕ್ಕೆ. ಗಿಡ ಒಣಗಿಸಲು ಹಳೆಯ ಪತ್ರಿಕೆಗಳೇ ಆಗಬೇಕು, ನುಣುಪು ಕಾಗದ ನೀರು ಹೀರುವುದಿಲ್ಲ. ಮುಳ್ಳೇರಿಯದ ಒಂದು ಚಾದ ಅಂಗಡಿಯವರು ಅವರಲ್ಲಿದ್ದ ಹಳೆಯ ಪೇಪರುಗಳನ್ನು ಕೊಡುತ್ತಿದ್ದರು. ಊರಿನವರೆಲ್ಲ ಓದಿ ಮುಗಿಸಿದ್ದು, ಕೆಲವುಗಳಲ್ಲಿ ಗೋಳಿಬಜೆಯ ಎಣ್ಣೆ. ಎಣ್ಣೆಯ ಕಾಗದದಲ್ಲಿಟ್ಟ ಒಂದು ಅಪರೂಪದ ಹುಲ್ಲನ್ನು ಇರುವೆಗಳು ಒಂದೇ ದಿನದಲ್ಲಿ ತಿಂದು ಬುಡ ಮಾತ್ರ ಬಿಟ್ಟಿದ್ದವು. ಅಲ್ಲಿಂದ ಮುಂದೆ ನಾನು ಪ್ರತಿಯೊಂದು ಪೇಪರನ್ನು ಬೆಳಕಿಗೆ ಹಿಡಿದು ನೋಡಿಯೇ ತೆಗೆದುಕೊಳ್ಳುತ್ತಿದ್ದೆ. "ಐತಪ್ಪಣ್ಣ ಪೇಪರ್ ಓದೂದು ನೋಡಿ, ಎದುರಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ," ಎಂದು ಬೆಂಚಿನಲ್ಲಿ ಕೂತವರು ತಮಾಷೆ ಮಾಡುತ್ತಿದ್ದರು.

ವಿಷದ ವಿಷಯವೂ ಬರೆಯಬೇಕು. ಒಣಗಿದ ಗಿಡಕ್ಕೆ ಹುಳ ಬರದ ಹಾಗೆ ರಸಕರ್ಪೂರವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುತ್ತಿದ್ದೆವು, ಬರಿಗೈಯಲ್ಲಿ. ಅದೇ ಕೈ ಒರೆಸಿಕೊಂಡು ಅವಲಕ್ಕಿ ತಿಂದದ್ದೂ ಉಂಟು. ನಲವತ್ತಕ್ಕೇ ನನ್ನ ಮೂರು ಹಲ್ಲು ಹೋದವು. ಅದರಿಂದಲೇ ಹೋದವು ಎಂದು ಡಾಕ್ಟರರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಈಗ ಕೈಗವಸು ಕೊಡುತ್ತಾರಂತೆ. ಸೆಕೆಯಾಗುತ್ತದೆ ಎಂದು ತೆಗೆದಿಡಬೇಡಿ.

ಪ್ರೊಫೆಸರ್ ಮಿನೇಜಸ್ ಹುಡುಕುತ್ತಿದ್ದದ್ದು ಎಂತದು ಎಂದು ನನಗೆ ತಿಳಿಯಲು ಐದಾರು ವರ್ಷ ಬೇಕಾಯಿತು. ಒಂದು ಮಧ್ಯಾಹ್ನ ಮುರಕಲ್ಲಿನ ಪಾರೆಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದೆವು. ಅವರು ಎರಡು ಹೂವುಗಳನ್ನು ಎಲೆಯ ಮೇಲೆ ಇಟ್ಟರು. ಒಂದರ ಎಸಳುಗಳನ್ನು ಒಂದೊಂದಾಗಿ ಕಿತ್ತರು. ಇನ್ನೊಂದರಲ್ಲಿ ಒಂದು ಎಸಳು ಎಳೆದದ್ದಕ್ಕೆ ಇಡೀ ಹೂವು ಕೊಳವೆಯ ಹಾಗೆ ಕಳಚಿ ಬಂತು.

"ಇಷ್ಟೇ ನೋಡಿ. ಎಸಳು ಬಿಡಿಬಿಡಿಯಾಗಿ ಇರುವ ಗಿಡಗಳು ಒಂದು ದೊಡ್ಡ ಪಂಗಡ. ಬುಡದಲ್ಲಿ ಕೂಡಿ ಕೊಳವೆ ಆದವು ಇನ್ನೊಂದು. ಬಿಡಿ ಎಸಳಿನವು ಹಳೆಯವು, ಕೂಡಿದವು ಅವುಗಳಿಂದಲೇ ಬಂದವು ಅಂತ ನನ್ನ ಲೆಕ್ಕ. ಹಾಗಾದರೆ ದಾಟುವ ಜಾಗದಲ್ಲಿ ನಿಂತ ಮರ ಒಂದಾದ್ರೂ ಇರ್ಬೇಕಲ್ಲ? ಎಲೆ, ಕಾಯಿ ಹಳೆಯ ಪಂಗಡದ್ದು, ಹೂವು ಮಾತ್ರ ಹೊಸತಕ್ಕೆ ಹೊರಟದ್ದು?"

"ಇದ್ದರೆ ನಮ್ಮ ಕಡೆಯೇ ಇರ್ಬೇಕಾ ಸರ್?"

"ಇಲ್ಲಿ ಇರಬಾರದು ಅಂತ ಎಲ್ಲಿಯೂ ಬರೆದಿಲ್ಲ ಐತಪ್ಪ."

ಅವರು ಅದಕ್ಕಾಗಿ ಆಗಲೇ ಹದಿನೈದು ವರ್ಷ ಓಡಾಡಿದ್ದರು. ಕಾಲೇಜಿನಲ್ಲಿ ಕೆಲವರು ಹಿಂದಿನಿಂದ ನಗುತ್ತಿದ್ದರು. ನನಗೆ ಅದು ತಿಳಿದ ಮೇಲೆ ಆ ಮರವನ್ನು ನಾನೇ ಹುಡುಕಿ ಕೊಡಬೇಕು ಎಂದು ಹಠ ಬಂತು.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಮುಳ್ಳೇರಿಯದಿಂದ ದೇಲಂಪಾಡಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಒಂದು ನಾಗಬನ ಉಂಟು ಎಂದು ಕೇಳಿ ಮೇ ತಿಂಗಳಲ್ಲಿ ಒಬ್ಬನೇ ಹೋದೆ. ಅರ್ಧ ಎಕರೆ ಇರಬಹುದು, ಒಳಗೆ ನಡು ಹಗಲಿಗೂ ಮಬ್ಬು. ಬನಕ್ಕೆ ಸೇರಿದ ಮನೆಯವರಲ್ಲಿ ದೇಯಕ್ಕ ಎಂಬ ಮುದುಕಿ ಬನದ ದಾರಿಯನ್ನೂ ನಾಗನ ಕಲ್ಲಿನ ಎದುರಿನ ಜಾಗವನ್ನೂ ದಿನಾ ಗುಡಿಸುತ್ತಿದ್ದರು. ನನ್ನ ಸೊಂಟದ ಕತ್ತಿ ನೋಡಿದ್ದೇ ಅವರು ಹಿಡಿಸೂಡಿ ಅಡ್ಡ ಹಿಡಿದರು.

"ಕತ್ತಿ ಅಲ್ಲಿ ಇಟ್ಟು ಬಾ. ಇಲ್ಲಿ ಉಗುರೂ ತಾಗಿಸ್ಲಿಕ್ಕೆ ಇಲ್ಲ."

"ಒಂದು ಗೆಲ್ಲು ಸಾಕಿತ್ತು ದೇಯಕ್ಕ. ವಿದ್ಯೆಯ ಕೆಲಸಕ್ಕೆ."

"ನಾಗನಿಗೆ ನಿನ್ನ ವಿದ್ಯೆ ಗೊತ್ತುಂಟಾ? ತಾನಾಗಿ ಬಿದ್ದದ್ದನ್ನು ಹೆಕ್ಕು, ಬೇಡ ಅನ್ನೂದಿಲ್ಲ. ಕೀಳ್ಲಿಕ್ಕೆ ಇಲ್ಲ, ಹತ್ತಲಿಕ್ಕೆ ಇಲ್ಲ, ಕಡಿಯುವ ಮಾತೇ ಇಲ್ಲ."

ಬನದ ನಡುವೆ ಒಂದು ಮರ. ಮೂವರು ಕೈ ಹಿಡಿದರೂ ತಬ್ಬಲು ಸಾಲದು. ಎಲ್ಲ ಮರಕ್ಕೂ ಕಚ್ಚು ಹಾಕಿ ಹೆಸರು ಹೇಳುವವನು ನಾನು. ಇಲ್ಲಿ ಕಚ್ಚು ಹಾಕುವ ಹಾಗಿಲ್ಲ. ತೊಗಟೆ ಮುದಿಯಾಗಿ ಪಾಚಿ ಹಿಡಿದು ಎಂತದೂ ಹೇಳುತ್ತಿರಲಿಲ್ಲ. ಬುಡದಲ್ಲಿ ಎರಡು ರೆಕ್ಕೆಯ ಸಣ್ಣ ಕಾಯಿಗಳು, ಎಲೆಗಳಿದ್ದ ಒಂದು ಗೆಲ್ಲು ಬಿದ್ದಿದ್ದವು. ಎರಡೂ ತೊಲೆಗೆ ಕಡಿಯುವ ಕಿರಾಲುಬೋಗಿ ಮರದವುಗಳ ಹಾಗೆಯೇ. ಆ ಜಾತಿಯ ಮರಕ್ಕೆ ನಾನು ನೂರಾರು ಸಲ ಗುರುತು ಹಾಕಿದ್ದೆ. ಆದರೆ ಕಾಯಿಗಳ ನಡುವೆಯೇ ನೆಲದ ತುಂಬ ಅರಳು ಚೆಲ್ಲಿದ ಹಾಗೆ ಬಿಳಿ ಹೂವುಗಳು, ಉಗುರಿನಷ್ಟು ದೊಡ್ಡವು, ಬುಡದಲ್ಲಿ ಕೂಡಿ ಕೊಳವೆಯಾದವು. ನಾನು ನೋಡುತ್ತಿದ್ದಂತೆ ಮೇಲಿನಿಂದ ಇನ್ನೆರಡು ತಿರುಗುತ್ತಾ ಬಿದ್ದವು. ಕಿರಾಲುಬೋಗಿಯ ಹೂವು ಹಾಗಿರುವುದಿಲ್ಲ. ಅದು ತೀರಾ ಸಣ್ಣದು, ಎಸಳು ಬಿಡಿ.

ಪ್ರೊಫೆಸರರು ಹುಡುಕುತ್ತಿದ್ದ ಮರ ಇದೇ ಎಂದುಕೊಂಡೆ. ಗೆಲ್ಲು, ಕಾಯಿ, ಹೂವು ಮೂರನ್ನೂ ಹೆಕ್ಕಿ ಒಂದೇ ಹಾಳೆಯಲ್ಲಿ ಇಟ್ಟೆ.

ಪ್ರೊಫೆಸರರು ಆ ಹಾಳೆಯ ಎದುರು ಇಡೀ ಒಂದು ಬೆಳಿಗ್ಗೆ ಕೂತರು. ಸಂತೋಷವಾದದ್ದು ಕಾಣುತ್ತಿತ್ತು, ಆದರೆ ಸಂತೋಷಕ್ಕೆ ಸೋಲುವ ಜನ ಅವರಲ್ಲ. ಬಿದ್ದ ಹೂವಿನಲ್ಲಿ ಕೊಳವೆ ಮಾತ್ರ ಇತ್ತು. ಕಾಯಿಯಾಗುವ ಭಾಗ ಅದರಲ್ಲಿ ಇರಲಿಲ್ಲ, ಅದು ಮೇಲೆ ತೊಟ್ಟಿನಲ್ಲೇ ಉಳಿಯುತ್ತದೆ. ಹೂವಿಗೂ ಕಾಯಿಗೂ ಇರುವ ಸಂಬಂಧಕ್ಕೆ ಹಾಳೆಯಲ್ಲಿ ಸಾಕ್ಷಿ ಇರಲಿಲ್ಲ. ಸಾಕ್ಷಿ ನಾನೊಬ್ಬನೇ.

"ಈ ಹೂವು ಈ ಮರದ್ದೇ ಅಲ್ವಾ ಐತಪ್ಪ?"

"ಹೌದು ಸರ್."

"ಬೀಳೂದನ್ನು ಕಂಡಿರಾ?"

"ಕಂಡೆ ಸರ್."

"ಕೊಂಬೆಯಲ್ಲಿ?"

ಮೇಲೆ ನೋಡಿದ್ದು ಹೌದು. ಕಂಡದ್ದು ಹಸಿರು, ಹಸಿರಿನ ನಡುವೆ ಬಿಳಿ ಚುಕ್ಕೆ, ಅಷ್ಟೆ. ಆದರೆ ಇಪ್ಪತ್ತು ವರ್ಷಗಳಿಂದ ಮರದ ವಿಷಯದಲ್ಲಿ "ಗೊತ್ತಿಲ್ಲ" ಎಂದವನಲ್ಲ ನಾನು.

"ಕೊಂಬೆಯಲ್ಲಿಯೇ ಕಂಡೆ ಸರ್."

ಅವರು ಬರೆದುಕೊಂಡರು.

ಮುಂದಿನ ಒಂದೂವರೆ ವರ್ಷ ಅವರು ಲೇಖನ ಬರೆದರು. ಮರ ಹೊಸ ಜಾತಿಯದ್ದು, ಎರಡು ಪಂಗಡಗಳ ನಡುವೆ ನಿಂತದ್ದು. ಅದಕ್ಕೊಂದು ಹೆಸರು ಬೇಕಿತ್ತು. ಒಂದು ದಿನ ನನ್ನನ್ನು ಕರೆದು, ನನ್ನ ಹೆಸರಿಗೆ ಲ್ಯಾಟಿನಿನ ಬಾಲ ಸೇರಿಸಿ ಬರೆದದ್ದನ್ನು ಓದಿ ತೋರಿಸಿದರು. ನನ್ನ ಅಪ್ಪ ಬದುಕಿದ್ದರೆ ಎಂದು ಒಮ್ಮೆ ಅನಿಸಿತು. ಮುಳ್ಳೇರಿಯದ ಚಾದ ಅಂಗಡಿಗೆ ಸುದ್ದಿ ಮುಟ್ಟಿಸಿದವನು ನಾನೇ. ಅಲ್ಲಿಂದ ಮುಂದೆ, "ಐತಪ್ಪಣ್ಣ, ನಿಮ್ಮ ಮರದ ಸೊಪ್ಪಿನ ತಂಬುಳಿ ಆಗ್ತದಾ?" ಎಂದು ಒಬ್ಬರಾದರೂ ಕೇಳದೆ ನನಗೆ ಚಾ ಸಿಗುತ್ತಿರಲಿಲ್ಲ. ನಾನು ಬೇಸರ ಮಾಡಿದವನ ಹಾಗೆ ಮುಖ ಮಾಡುತ್ತಿದ್ದೆ, ಮರುದಿನ ಮತ್ತೆ ಹೋಗುತ್ತಿದ್ದೆ.

ಲೇಖನ ಮದ್ರಾಸಿನ ಒಂದು ಪತ್ರಿಕೆಗೆ ಹೋಯಿತು, ಅವರು ಒಪ್ಪಿಕೊಂಡರು. ಚಿತ್ರಕ್ಕೆ ಒಂದು ಮೊಗ್ಗು ಸಿಕ್ಕಿದರೆ ಪೂರ್ತಿಯಾಗುತ್ತದೆ ಎಂದು ಪ್ರೊಫೆಸರರು ನನ್ನನ್ನು ಫೆಬ್ರವರಿಯಲ್ಲಿ ಮತ್ತೆ ಬನಕ್ಕೆ ಕಳುಹಿಸಿದರು. ಮೇ ತಿಂಗಳಿನ ಹೂವಿಗೆ ಮೊಗ್ಗು ಆಗಲೇ ಕಾಣಿಸಬೇಕೆಂದು ಅವರ ಲೆಕ್ಕ.

ದೇಯಕ್ಕ ಗುಡಿಸುತ್ತಿದ್ದರು. ಬನದೊಳಗೆ ಎಂದಿಗಿಂತ ಬೆಳಕು ಹೆಚ್ಚಿತ್ತು.

"ಕಳೆದ ಮಳೆಗಾಲದ ಗಾಳಿಗೆ ಬೂರು ಇಡೀ ಕುಸಿದು ಬಿತ್ತು," ಎಂದರು. ಬೂರು ಎಂದರೆ ಬಳ್ಳಿ. ತೊಡೆಯಷ್ಟು ದಪ್ಪದ ಬಳ್ಳಿಯೊಂದು ಪಕ್ಕದ ಮರದ ಹಿಂದಿನಿಂದ ಹತ್ತಿ ದೊಡ್ಡ ಮರದ ತಲೆಯ ಮೇಲೆ ಹರಡಿತ್ತಂತೆ. ಒಣಗಿದ ಬಳ್ಳಿ ನೆಲದಲ್ಲಿ ಸುತ್ತಿಕೊಂಡು ಬಿದ್ದಿತ್ತು. ನಾನು ಅದನ್ನು ದಾಟಿಕೊಂಡು ಮರದ ಬುಡಕ್ಕೆ ಹೋದೆ.

"ಮೇ ತಿಂಗಳಿಗೆ ಬರುವಾಗ ಹೂ ಬಿದ್ದಿರ್ತದಲ್ಲ ದೇಯಕ್ಕ?"

"ಎಲ್ಲಿಯ ಹೂ? ಬೂರೇ ಹೋಯ್ತಲ್ಲ ಮಾರಾಯ."

"ಬೂರಿನದ್ದಲ್ಲ, ಮರದ ಹೂ. ಬಿಳಿಯದ್ದು."

"ಅದು ಬೂರಿನದ್ದೇ. ಮರದ ಹೂ ಈಗ ಅಲ್ವಾ ಆಗೂದು." ಅವರು ಹಿಡಿಸೂಡಿ ತಿರುಗಿಸಿ ನನ್ನ ಮೂಗಿನ ಹತ್ತಿರ ಹಿಡಿದರು. ಕಡ್ಡಿಗಳ ನಡುವೆ ನುಚ್ಚಿನ ಹಾಗೆ ಎಂತದೋ ಸಿಕ್ಕಿಕೊಂಡಿತ್ತು. "ಇದು ಮರದ್ದು. ಗುಡಿಸಿ ಗುಡಿಸಿ ನನ್ನ ಸೊಂಟ ಹೋಯ್ತು."

ಅಂಗೈಗೆ ಉದುರಿಸಿ ಲೆನ್ಸಿನಲ್ಲಿ ನೋಡಿದೆ. ಐದು ಎಸಳು, ಬಿಡಿಬಿಡಿ. ಕಿರಾಲುಬೋಗಿ. ಊರಿನಲ್ಲಿ ದೋಣಿಗೂ ತೊಲೆಗೂ ಕಡಿಯುವ ಅದೇ ಮರ, ವಯಸ್ಸಾದದ್ದು.

"ಆ ದಿನ ಯಾಕೆ ಹೇಳಲಿಲ್ಲ ದೇಯಕ್ಕ?"

"ನೀನು ಕೇಳಿದಿಯಾ?" ಎಂದರು. "ಬಂದೆ, ಹೆಕ್ಕಿದೆ, ಹೋದೆ. ಎಲ್ಲ ಗೊತ್ತಿರುವವನ ಹಾಗೆ ಇದ್ದೆ."

ಬನದ ಕಟ್ಟೆಯಲ್ಲಿ ನಾನು ಬಹಳ ಹೊತ್ತು ಕೂತೆ. ಬಳ್ಳಿ ಸತ್ತಿತ್ತು. ಮರ ಹತ್ತಲು ಯಾರಿಗೂ ಬಿಡುವುದಿಲ್ಲ. ದೇಯಕ್ಕನ ಹತ್ತಿರ ಸಸ್ಯಶಾಸ್ತ್ರ ಕೇಳಲು ಮದ್ರಾಸಿನಿಂದ ಯಾರೂ ಬರುವುದಿಲ್ಲ. ಮೊಗ್ಗು ಸಿಗಲಿಲ್ಲ ಸರ್ ಎಂದು ಒಂದು ಮಾತು ಹೇಳಿದರೆ ಮುಗಿಯಿತು; ನನ್ನ ಹೆಸರು ಅಚ್ಚಾಗುತ್ತದೆ, ಅವರ ಹದಿನೈದು ಇಪ್ಪತ್ತು ವರ್ಷಗಳ ಹುಡುಕಾಟಕ್ಕೆ ಫಲ ಸಿಗುತ್ತದೆ. ಇದನ್ನೆಲ್ಲ ನಾನು ಯೋಚಿಸಿದೆ. ಯೋಚಿಸಲಿಲ್ಲ ಎಂದು ಬರೆದರೆ ನೀವು ನಂಬಬೇಡಿ.

ಹೇಳಬೇಕು ಎಂದು ತೀರ್ಮಾನಿಸಿದ್ದು ಧರ್ಮಕ್ಕೆ ಹೆದರಿ ಅಲ್ಲ. ಹಾಳೆ ಕಪಾಟಿನಲ್ಲಿ ಉಳಿಯುತ್ತದೆ. ನಾನು ಸತ್ತ ಮೇಲೆ ಯಾರೋ ಒಬ್ಬ ಲೆನ್ಸು ಹಿಡಿದು ಅದನ್ನು ತೆಗೆಯುತ್ತಾನೆ, ಗೆಲ್ಲು ಒಂದರದ್ದು, ಹೂವು ಇನ್ನೊಂದರದ್ದು ಎಂದು ಐದು ನಿಮಿಷದಲ್ಲಿ ಕಂಡುಹಿಡಿದು ನಗುತ್ತಾನೆ. ಆ ನಗುವಿನ ಕೆಳಗೆ ನನ್ನ ಹೆಸರು ಇರುವುದು ನನಗೆ ಬೇಡವಾಗಿತ್ತು.

ಹಿಡಿಸೂಡಿಯಿಂದ ಉದುರಿಸಿದ ಹೂವುಗಳನ್ನು ಖಾಲಿ ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಮರುದಿನ ಬಸ್ಸು, ಆಮೇಲೆ ರೈಲು ಹಿಡಿದು ಮಂಗಳೂರಿಗೆ ಹೋದೆ. ಪ್ರೊಫೆಸರರ ಮೇಜಿನ ಮೇಲೆ ಮದ್ರಾಸಿನಿಂದ ಬಂದ ಕರಡಚ್ಚು ಹರಡಿತ್ತು.

"ಸರಿಯಾದ ಹೊತ್ತಿಗೆ ಬಂದಿರಿ ಐತಪ್ಪ. ನಿಮ್ಮ ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಹಾಕಿದ್ದಾರೆ, ಈಗ ತಿದ್ದಿದೆ. ಮೊಗ್ಗು ಸಿಕ್ಕಿತಾ?"

ನಾನು ಬೆಂಕಿಪೆಟ್ಟಿಗೆ ಕೊಟ್ಟೆ. ಅವರು ಲೆನ್ಸು ಹಾಕಿ ನೋಡಿದರು. ಸೂಜಿಯಿಂದ ಎಸಳುಗಳನ್ನು ಒಂದೊಂದಾಗಿ ಬಿಡಿಸಿದರು. ಇನ್ನೊಂದು ಹೂವು ತೆಗೆದು ಅದನ್ನೂ ಬಿಡಿಸಿದರು. ನಾಲ್ಕನೆಯದಕ್ಕೆ ಸೂಜಿ ಕೆಳಗಿಟ್ಟರು.

"ಹಾಗಾದರೆ ಆ ಬಿಳಿಯದ್ದು?"

"ಬಳ್ಳಿಯದ್ದು ಸರ್. ಮರದ ಮೇಲೆ ಹಬ್ಬಿತ್ತು. ಈಗ ಬಿದ್ದು ಸತ್ತಿದೆ."

"ಕೊಂಬೆಯಲ್ಲಿ ಕಂಡೆ ಅಂದಿದ್ರಿ."

"ಕಂಡಿರಲಿಲ್ಲ. ಸುಳ್ಳು ಹೇಳಿದೆ ಸರ್."

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನಿವೃತ್ತಿಗೆ ಅವರಿಗೆ ಎರಡು ವರ್ಷ ಉಳಿದಿತ್ತು.

"ನಾನು ಮೂರು ಸಲ ಕೇಳಿದೆ," ಎಂದರು ಕೊನೆಗೆ. "ನಾಲ್ಕನೇ ಸಲ ಕೇಳಲಿಲ್ಲ. ಕೇಳ್ಲಿಕ್ಕೆ ನನಗೆ ಮನಸ್ಸಿರಲಿಲ್ಲ ಐತಪ್ಪ. ಅದು ನನ್ನ ತಪ್ಪು."

ಕರಡಚ್ಚಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಉದ್ದ ಗೆರೆ ಎಳೆದರು. ಲೇಖನ ಹಿಂತೆಗೆದುಕೊಳ್ಳುತ್ತೇನೆಂದು ತಂತಿ ಬರೆದರು. ಅಂಚೆ ಕಚೇರಿಗೆ ನಾನೇ ಕೊಂಡುಹೋಗುತ್ತೇನೆ ಎಂದೆ, ಅವರು ಬೇಡ ಎನ್ನಲಿಲ್ಲ.

ನಾನು ಹಿಂದೆ ಬರುವಾಗ ಅವರು ಆ ಹಾಳೆಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದರು, ಪಕ್ಕದಲ್ಲಿ ಕತ್ತರಿ.

"ಒಟ್ಟು ಮಾಡಿದವರು ನೀವು. ಬೇರೆ ಮಾಡಬೇಕಾದವರೂ ನೀವೇ."

ಹಾಳೆಯನ್ನು ಎರಡಾಗಿ ಕತ್ತರಿಸಿದೆ. ಗೆಲ್ಲು ಮತ್ತು ಕಾಯಿ ಒಂದರಲ್ಲಿ, ಹೂವು ಇನ್ನೊಂದರಲ್ಲಿ. ಪ್ರೊಫೆಸರರು ಹೂವನ್ನು ಹೊಸ ಕಣ್ಣಿನಿಂದ ನೋಡಿ, ಅದು ಗೆಣಸಿನ ಕುಟುಂಬದ ಒಂದು ಮರಬಳ್ಳಿಯದ್ದು ಎಂದರು. ಅದೂ ಮೊದಲೇ ಹೆಸರಿದ್ದದ್ದೇ. ಮರದ ಕೊಂಬೆಯಲ್ಲೇ ಕಂಡೆ ಎಂದು ನಾನು ಹೇಳದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು ಎಂದರು. ಆಮೇಲೆ ಹಾಳೆಗೆ ಅಂಟಿಸುವ ಹೊಸ ಚೀಟಿ ಎರಡು ತೆಗೆದು ಪೆನ್ನು ನನ್ನ ಕೈಗೆ ಕೊಟ್ಟರು. ಅದುವರೆಗೆ ಚೀಟಿಗಳನ್ನೆಲ್ಲ ಇಂಗ್ಲಿಷಿನಲ್ಲಿ ಅವರೇ ಬರೆಯುತ್ತಿದ್ದರು. ಸಂಗ್ರಹಿಸಿದವರ ಜಾಗದಲ್ಲಿ ಅವರದೇ ಹೆಸರು ಇರುತ್ತಿತ್ತು.

"ಇನ್ನು ಮುಂದೆ ಎಲ್ಲ ಚೀಟಿಯಲ್ಲಿಯೂ ಎರಡು ವಿಷಯ ಬೇಕು. ಕೊಂಬೆಯಿಂದ ತೆಗೆದದ್ದಾ, ನೆಲದಿಂದ ಹೆಕ್ಕಿದ್ದಾ. ಮತ್ತೆ, ಯಾರು. ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ."

ಈಗಲೂ ನಮ್ಮ ಕಡೆಯ ಹಾಳೆಗಳಲ್ಲಿ ಆ ಎರಡು ಸಾಲು ಉಂಟು. ಹೊಸಬರು ಅದನ್ನು ಖಾಲಿ ಬಿಡುವುದನ್ನು ನೋಡಿದ್ದೇನೆ, ಬಿಡಬೇಡಿ. ಮೊದಲು ತುಂಬಿಸಿದ ಚೀಟಿಗಳು ಆ ಎರಡು ತುಂಡುಗಳ ಮೇಲೆ ಬೇರೆ ಬೇರೆ ಕಪಾಟಿನಲ್ಲಿವೆ. ಹನ್ನೊಂದು ದಿನ ಐದನೇ ಕ್ಲಾಸಿಗೆ ಹೋದವನ ಅಕ್ಷರ, ಸೊಟ್ಟ. ಎರಡರಲ್ಲಿಯೂ ಒಂದೇ ಮಾತು: ನೆಲದಿಂದ ಹೆಕ್ಕಿದ್ದು. ಹೆಕ್ಕಿದವನು, ಐತಪ್ಪ.